ಮೂರು ಸಲ ಬಾಯಿ ತೆರೆಯುವ ಹೆಸರು

ಪಾತ್ರೆಯ ಮೇಲೆ ಹೆಸರು ಕೊರೆಯುವ ಕೆಲಸಕ್ಕೆ ಈಚೆಗೆ ಸೇರಿದ ಹುಡುಗನೊಬ್ಬ ಮೊನ್ನೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಆಚಾರ್ರೇ, ಇದ್ರಾಗೆ ಕಲಿಯಾಕೆ ಏನೈತೆ? ಮಿಷಿನ್ ಹಿಡ್ಕಂಡ್ರೆ ಅದೇ ಬರ್ಕೊಂಡು ಹೋಯ್ತದೆ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಲ್ಲಿಸಿಕೊಂಡು ಉಗಿಯೋಣವೆಂದರೆ ಅವನ ಬಸ್ಸು ಬಂದುಬಿಟ್ಟಿತು. ಅವನಿಗೆ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಹೆಸರು ಮೌನೇಶಾಚಾರಿ. ಆ ಹೆಸರಿಗೂ ನನ್ನ ಬಾಯಿಗೂ ಏನೇನೂ ಸಂಬಂಧವಿಲ್ಲ ಎನ್ನುವುದು ಓದುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತದೆ.

ಮಧುಗಿರಿಯಲ್ಲಿ ಶೆಟ್ಟರ ಪಾತ್ರೆ ಅಂಗಡಿಗೆ ನಾನು ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಅಂಗಡಿಯ ಜಗುಲಿಯ ಒಂದು ಮೂಲೆ, ಒಂದು ಗೋಣಿಚೀಲ, ಸಣ್ಣ ಉಳಿ, ಇನ್ನೂ ಸಣ್ಣ ಸುತ್ತಿಗೆ. ಇಷ್ಟೇ ನನ್ನ ಕಾರ್ಖಾನೆ. ಹಿತ್ತಾಳೆಯ ಮೇಲೆ ಕೊರೆಯುವುದು ಸುಖದ ಕೆಲಸ, ಉಳಿ ಹೇಳಿದ ಮಾತು ಕೇಳುತ್ತದೆ. ಸ್ಟೀಲು ಬಂತು ನೋಡಿ, ಆಗ ಶುರುವಾಯಿತು ನನ್ನ ಗ್ರಹಚಾರ. ಉಳಿ ಇಟ್ಟ ಕಡೆ ನಿಲ್ಲದು. 'ಗೀತಾ' ಎಂದು ಶುರು ಮಾಡಿದರೆ ದೀರ್ಘ ಬೀಳುವುದು ಪಕ್ಕದ ತಟ್ಟೆಯ ಮೇಲೆ.

ಆಗ ಜನ ಮನೆಯ ಹಳೆ ಹಿತ್ತಾಳೆ ಪಾತ್ರೆಗಳನ್ನು ತಂದು ತೂಕಕ್ಕೆ ಹಾಕಿ ಸ್ಟೀಲು ಒಯ್ಯುತ್ತಿದ್ದರು. ತಕ್ಕಡಿಯ ಒಂದು ಕಡೆ ಗಿರಿಯಮ್ಮ, ಸಣ್ಣೀರಪ್ಪ, ತಿಪ್ಪಕ್ಕ, ಕರಿಯಣ್ಣ ಎಂದು ಹೆಸರು ಕೊರೆದ ಕೊಳಗ ಚೊಂಬುಗಳು. ನನ್ನ ಮುಂದೆ ಗೀತಾ, ಸುರೇಶ, ಮಂಜುಳ, ರಮೇಶ. ಅಜ್ಜಿಯಂದಿರ ಹೆಸರುಗಳು ಗುಜರಿಗೆ ಹೋಗುವುದನ್ನು ಕಣ್ಣಾರೆ ನೋಡಿದವನು ನಾನು. ಕೊರೆದವರಲ್ಲಿ ನಮ್ಮ ತಾತನೂ ಇದ್ದ, ಅವನ 'ಮ್ಮ' ನೋಡಿದರೆ ಸಾಕು ನನಗೆ ಗೊತ್ತಾಗುತ್ತಿತ್ತು.

ಶೆಟ್ಟರಿಗೆ ಮಾತ್ರ ಹೊಸ ಹೆಸರುಗಳೆಂದರೆ ಪಂಚಪ್ರಾಣ. ಕಾರಣ ಭಕ್ತಿಯೂ ಅಲ್ಲ, ಸೊಗಸೂ ಅಲ್ಲ. ನಮ್ಮಲ್ಲಿ ಪಾತ್ರೆ ಕೊಂಡವರಿಗೆ ಹೆಸರು ಪುಕ್ಕಟೆ. ಹೆಸರು ಉದ್ದವಾದಷ್ಟೂ ನನ್ನ ಹೊತ್ತು ಹಾಳು, ಗಿರಾಕಿಗಳ ಸಾಲು ಬೆಳೆಯುವುದು. ಯಾರಾದರೂ ಮಗುವಿಗೆ 'ಉಷಾ' ಎಂದರೆ ಶೆಟ್ಟರು ಕೈಮುಗಿದುಬಿಡುತ್ತಿದ್ದರು. "ಎರಡೇ ಅಕ್ಷರ! ಲಕ್ಷ್ಮೀಪುತ್ರಿ ಕಣಮ್ಮ ನಿನ್ ಮಗಳು!" ಕೊರಟಗೆರೆ ಕಡೆಯ ಒಬ್ಬರು ಮಗುವಿನ ಚಮಚದ ಮೇಲೆ 'ಲಕ್ಷ್ಮೀನರಸಿಂಹಮೂರ್ತಿ' ಎಂದು ಹಾಕಿಸಬೇಕೆಂದು ಬಂದಾಗ ಶೆಟ್ಟರ ಮುಖ ಹುಳ್ಳಗಾಯಿತು. "ಸ್ವಾಮಿ, ಚಮಚ ಬ್ಯಾಡ, ಸೌಟು ತಗೊಳ್ಳಿ" ಎಂದರು. ಆತ ಪಟ್ಟು ಬಿಡಲಿಲ್ಲ. ಕೊನೆಗೆ ಹಿಡಿಯ ತುದಿಯಿಂದ ಶುರು ಮಾಡಿ, 'ಮೂರ್ತಿ' ಎನ್ನುವಷ್ಟರಲ್ಲಿ ಮಗುವಿನ ಬಾಯಿಗೆ ಹೋಗುವ ಜಾಗಕ್ಕೆ ಬಂದು ನಿಂತಿದ್ದೆ.

ಕೊರಟಗೆರೆಯ ಇನ್ನೊಬ್ಬ ಗಿರಾಕಿಯನ್ನು ಮರೆಯಲಾರೆ. ಮನೆಯಲ್ಲಿ ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿ, ಇನ್ನು ಸಾಕು ಎಂದು ದೇವರಿಗೆ ತಿಳಿಸುವುದಕ್ಕಾಗಿ ಕೊನೆಯದಕ್ಕೆ 'ಸಾಕಮ್ಮ' ಎಂದು ಹೆಸರಿಟ್ಟು ನನ್ನಿಂದಲೇ ಲೋಟದ ಮೇಲೆ ಹಾಕಿಸಿಕೊಂಡು ಹೋಗಿದ್ದ. ಮತ್ತೆ ಬಂದ. ಕಂಕುಳಲ್ಲಿ ಆ ಸಾಕಮ್ಮ, ಅವಳ ಕೈಯಲ್ಲಿ ಬೆಲ್ಲದಚ್ಚು.

"ಏನಪ್ಪಾ, ಗಂಡಾ?" ಅಂದೆ.

"ಎಲ್ಬಂತು ಆಚಾರ್ರೇ. ಹೆಣ್ಣೇಯ. ಸಾಕಮ್ಮ ಅಂದ್ರೂ ಕೇಳ್ಲಿಲ್ವಲ್ಲ ಆ ದ್ಯಾವ್ರು. ಬೇಕಮ್ಮ ಅಂತ ಹಾಕ್ಬುಡಿ ಈ ಸಲ. ನೋಡಾನ ಏನ್ಮಾಡ್ತಾನೋ."

ಶೆಟ್ಟರು ನಕ್ಕು ನಕ್ಕು ತಕ್ಕಡಿ ಹಿಡಿದುಕೊಂಡರು. ಆತನೂ ನಗುತ್ತಿದ್ದ, ಅಷ್ಟರಲ್ಲಿ ಕಂಕುಳಿನ ಸಾಕಮ್ಮ ತನ್ನ ಬೆಲ್ಲವನ್ನು ಅಪ್ಪನ ಬಾಯಿಗೆ ತುರುಕಿದಳು. ಅದನ್ನು ಚೀಪುತ್ತಾ ಆತ, "ಬ್ಯಾಡ ಬುಡಿ, ಶಾಂತಾ ಅಂತ ಹಾಕಿ, ಪಾಪ" ಅಂದ. ಶಾಂತಾ ಎಂದು ಹಾಕಿದೆ. ಎರಡೇ ಅಕ್ಷರ, ಶೆಟ್ಟರಿಗೂ ಶಾಂತಿ.

ನನ್ನ ಪ್ರಮಾದಗಳೂ ಕಡಿಮೆಯೇನಲ್ಲ. ಶಿರಾದಲ್ಲಿ ಶೆಟ್ಟರ ನೆಂಟರ ಅಂಗಡಿಯಲ್ಲಿ ಮದುವೆ ಕಾಲಕ್ಕೆಂದು ಕೆಲವು ತಿಂಗಳು ಕೂತಿದ್ದೆ. ಒಬ್ಬ ಸಾಹೇಬರ ಮನೆಯಾಕೆ ಮೊಮ್ಮಗಳಿಗೆಂದು ಬಟ್ಟಲು ತಂದು 'ಜರೀನಾ' ಎಂದು ಬರೆಸಿದರು. ಸ್ಟೀಲಿನ ಮೇಲೆ ಉಳಿ ಜಾರಿ 'ಜ'ದ ಕೆಳಗೆ ಟಿಕ್ ಟಿಕ್ಕೆಂದು ಎರಡು ಚುಕ್ಕಿ ಬಿತ್ತು. ಕೆಟ್ಟೆನಲ್ಲಪ್ಪಾ ಎಂದು ಬಟ್ಟಲನ್ನು ಬಟ್ಟೆಯಲ್ಲಿ ಒರೆಸುತ್ತಾ ಒರೆಸುತ್ತಾ ಕೂತೆ, ಒರೆಸಿದರೆ ಹೋಗುವುದೇ ಅದು? ಆಕೆ ಬಟ್ಟಲು ಕಿತ್ತುಕೊಂಡು ನೋಡಿ, "ಅರೆ ವಾಹ್! ಜ಼ರೀನಾ! ನಮ್ದು 'ಜ಼' ಸರಿಯಾಗಿ ಬರಿಯೋ ಆಚಾರಿ ಶಿರಾದಾಗೆ ನೀವೊಬ್ರೇ ನೋಡಿ!" ಎಂದುಬಿಟ್ಟರು. ಆಮೇಲೆ ಮಸೀದಿ ಕಡೆಯ ಬೀದಿಗಳಿಂದೆಲ್ಲ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ನಾನೂ ಗಂಭೀರವಾಗಿ ಕೂತು ಬೇಕೆಂತಲೇ ಉಳಿ ಜಾರಿಸುವುದನ್ನು ಕಲಿತುಕೊಂಡೆ.

ಇಷ್ಟಾದರೂ ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇದಲ್ಲ. ನಿಜವಾದ ಕಷ್ಟ ಕೊರೆಯುವುದರಲ್ಲಿರಲಿಲ್ಲ, ಹೆಸರು ತಿಳಿದುಕೊಳ್ಳುವುದರಲ್ಲಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳುವ ತನಕ ಆ ಹೆಸರನ್ನು ಯಾರೂ ಗಟ್ಟಿಯಾಗಿ ಆಡಬಾರದು. ಆದರೆ ಪಾತ್ರೆ ಮಾತ್ರ ಹೆಸರು ಹೊತ್ತು ಮೊದಲೇ ತಯಾರಿರಬೇಕು. ಓದುಬರಹ ಬಲ್ಲವರು ಚೀಟಿ ತರುತ್ತಿದ್ದರು. ಬಾರದವರು ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದರು, ಎಲೆಅಡಿಕೆಯ ರಸದ ಸಮೇತ. ಎಷ್ಟೋ ಸಂಜೆ ನನ್ನ ಬಲಗಿವಿ ಕೆಂಪಗಾಗಿ ಮನೆಗೆ ಹೋಗಿ ಹೆಂಡತಿಗೆ ಉತ್ತರ ಹೇಳಬೇಕಾಗಿದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಗಂಡನ ಹೆಸರು ಹೆಂಡತಿ ಹೇಳುವ ಹಾಗಿಲ್ಲ, ಅತ್ತೆಮಾವಂದಿರ ಹೆಸರು ಸೊಸೆ ಹೇಳುವ ಹಾಗಿಲ್ಲ. ಹುಟ್ಟಿದ ಗಂಡುಮಗುವಿಗೆ ಇಡುವುದು ತಾತನ ಹೆಸರನ್ನೇ. ಅಲ್ಲಿಗೆ ಹೆತ್ತ ತಾಯಿಗೆ ಮಗನನ್ನು ಹೆಸರು ಹಿಡಿದು ಕರೆಯುವ ಭಾಗ್ಯವಿಲ್ಲ. ಬೈಯುವುದಂತೂ ದೂರವೇ ಉಳಿಯಿತು, ಬೈದರೆ ಮಾವನನ್ನೇ ಬೈದಂತೆ. "ಲೇ ಇವ್ನೇ", "ಅಬ್ಬಾಯೀ", "ಪುಟ್ಟಾ" ಎಂದುಕೊಂಡೇ ಮಗನಿಗೆ ಮೀಸೆ ಬರುವವರೆಗೆ ಕಾಲ ತಳ್ಳಬೇಕು. ಇದನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಪಾವಗಡದಲ್ಲಿ.

ಶೆಟ್ಟರು ಪಾವಗಡದಲ್ಲೂ ಒಂದು ಅಂಗಡಿ ತೆರೆದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಪಕ್ಕದ ನಾಗಲಮಡಿಕೆ ಊರಿನಲ್ಲಿ ನಾಗರೂಪದ ಸುಬ್ರಹ್ಮಣ್ಯ ನೆಲೆಸಿದ ಸೀಮೆ ಅದು, ಆಡುಮಾತು ಅರ್ಧ ತೆಲುಗು. ತೊಟ್ಟಿಲಿಗೊಬ್ಬ ನಾಗರಾಜ, ಇಲ್ಲವೇ ನಾಗೇಂದ್ರ, ನಾಗರತ್ನ, ನಾಗಮಣಿ, ನಾಗವೇಣಿ. 'ನಾ' ಬರೆದು ಬರೆದು ನನ್ನ ಕೈಗೆ ಅದು ಕಣ್ಣು ಮುಚ್ಚಿದರೂ ಬರುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ದಡ್ಡತನದ ಅಳತೆ ನಿಮಗೆ ಸರಿಯಾಗಿ ಸಿಗಲಿ ಅಂತ.

ಒಂದು ದಿನ ಇಬ್ಬರು ಹೆಂಗಸರು ಬಂದರು. ವಳ್ಳೂರಿನ ಓಬಳಮ್ಮ, ಅವಳ ಸೊಸೆ ಗಂಗಮ್ಮ. ಗಂಗಮ್ಮನ ಹೆಗಲ ಮೇಲೆ ಐದು ತಿಂಗಳ ಗಂಡುಮಗು ನಿದ್ದೆ ಹೋಗಿತ್ತು. ಮಾರನೆಯ ದಿನ ಹೆಸರಿಡುವುದು. ಮಗುವಿಗೆ ಹಾಲು ಹುಯ್ಯಲು ಬೆಳ್ಳಿಯ ಒಳಲೆಯೊಂದನ್ನು ಆರಿಸಿ ಓಬಳಮ್ಮ ನನ್ನ ಮುಂದಿಟ್ಟಳು.

"ಹೆಸ್ರು ಹಾಕು ಸಾಮಿ."

"ಯಾವ ಹೆಸ್ರಮ್ಮ?"

"ಮಾ ಇಂಟಾಯನ ಹೆಸ್ರು." ತನ್ನ ಯಜಮಾನರದು. ತೀರಿಕೊಂಡು ವರ್ಷವಾಗಿತ್ತಂತೆ.

"ಅವ್ರ ಹೆಸರೇನು?"

ಓಬಳಮ್ಮ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು. ಒಬ್ಬಳಿಗೆ ಗಂಡನ ಹೆಸರು, ಇನ್ನೊಬ್ಬಳಿಗೆ ಮಾವನ ಹೆಸರು. ಹೇಳಬಲ್ಲ ಮಗರಾಯ ಗಾಡಿ ಕಟ್ಟಿಕೊಂಡು ಕಡಲೆಕಾಯಿ ಮಿಲ್ಲಿಗೆ ಹೋಗಿದ್ದಾನೆ. ನಾನೇ ಒಂದೊಂದು ಹೆಸರು ಹೇಳಿ ಕೇಳೋಣವೆಂದು ಬಾಯಿ ತೆರೆದರೆ ಓಬಳಮ್ಮ ಕೈ ಅಡ್ಡ ಹಿಡಿದಳು. "ಅಯ್ಯಯ್ಯೋ, ಬಾಯ್ಬುಡಬ್ಯಾಡ! ಕೂಸಿನ ಕಿವಿಗೆ ಬೀಳೋಕೆ ಮುಂಚೆ ಬಜಾರ್ನಾಗೆ ಆಡ್ತಾರಾ ಹೆಸ್ರ?"

"ನೀವೂ ಹೇಳಲ್ಲ, ನಾನೂ ಹೇಳೋ ಹಂಗಿಲ್ಲ. ಹೆಂಗಮ್ಮ ಮಾಡ್ಲಿ?"

"ಗುರ್ತು ಹೇಳ್ತೀನಿ, ಬುದ್ಧಿವಂತ ಅಲ್ವಾ ನೀನು, ಒಡ್ಕೋ. ಸಮುದ್ರದಾಗೆ ಸ್ವಾಮಿ ಪಂಡ್ಕೊಂಡಿರ್ತಾನಲ್ಲ, ಮಲಗಿರ್ತಾನಲ್ಲ, ಆತನ ಕೆಳಗೆ ಏನೈತೆ?"

ನೀರಿದೆ. ಸಾಗರ ಎಂದು ಹೆಸರಿಡುತ್ತಾರೆಯೇ ವಳ್ಳೂರಿನಲ್ಲಿ? ನನ್ನ ಮುಖ ನೋಡಿಯೇ ಓಬಳಮ್ಮ, "ನೀರಲ್ಲ ಕಣಪ್ಪ! ಹುಳ!" ಎಂದು ಕೈಯನ್ನು ಹೆಡೆ ಮಾಡಿ ತೋರಿಸಿದಳು.

ಹಾಗೆ ಬನ್ನಿ ದಾರಿಗೆ. ಸ್ವಾಮಿಯ ಕೆಳಗಿರುವ ಹುಳ ಎಂದರೆ ಶೇಷ, ಇಲ್ಲವೇ ಅನಂತ. ಯಾವುದು? "ಎಷ್ಟು ಅಕ್ಷರ?" ಅಂದೆ. ಅಕ್ಷರ ಅಂದರೇನೆಂದು ಅವಳಿಗೆ ಗೊತ್ತಿಲ್ಲ. ಸ್ವಲ್ಪ ಯೋಚಿಸಿ ಆ ಕಡೆ ತಿರುಗಿ, ಶಬ್ದ ಹೊರಡದ ಹಾಗೆ ಸೆರಗಿನ ಮರೆಯಲ್ಲಿ ತುಟಿ ಆಡಿಸಿ ನೋಡಿಕೊಂಡು, "ಮೂರು ಸಲ ಬಾಯಿ ತೆರೀಬೇಕು" ಎಂದಳು.

ಶೇಷ ಎನ್ನಲು ಎರಡೇ ಸಲ ಸಾಕು. ಅ-ನಂ-ತ, ಮೂರು. ಗೆದ್ದೆ! ತೊಡೆ ತಟ್ಟಿಕೊಂಡು ಕೊರೆಯಲು ಕೂತೆ. ಹಾವು ಎಂದರೆ ಆ ತಾಲ್ಲೂಕಿನಲ್ಲಿ ಕಲ್ಲುಮಣ್ಣಿಗೂ ಹೊಳೆಯುವ ಸೀದಾ ಹೆಸರು ನನಗೆ ಹೊಳೆಯಲಿಲ್ಲ ನೋಡಿ, ಅಷ್ಟು ಬುದ್ಧಿವಂತ ನಾನು. ಕೊರೆದು ಒರೆಸಿ ಕೈಗಿತ್ತೆ. ಓಬಳಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿ ಕಣ್ಣಿಗೊತ್ತಿಕೊಂಡು ಸೊಸೆಗೆ ಕೊಟ್ಟಳು. ಗಂಗಮ್ಮ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. "ಸೆಂದಾಗೈತೆ ಅತ್ತೆ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಒಂದು ಮಾತು ಬಿಟ್ಟರೆ ಅಂದು ಅವಳು ಬಾಯೇ ಬಿಟ್ಟಿರಲಿಲ್ಲ.

ಎರಡು ದಿನ ಕಳೆದು ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಓಬಳಮ್ಮ ಬಂದು ನಿಂತಿದ್ದಳು. ಹಿಂದೆ ಮಗು ಎತ್ತಿಕೊಂಡ ಗಂಗಮ್ಮ. ಓಬಳಮ್ಮನ ಮುಖ ನೋಡಿಯೇ ನಾನು ಉಳಿ ಸುತ್ತಿಗೆಗಳನ್ನು ಗೋಣಿಚೀಲದ ಕೆಳಗೆ ಸರಿಸಿದೆ.

"ಎಲ್ಲಿ ಅವ್ನು, ಕೈ ಸೇದೋಗಾ ಅವಂದು! ಏನ್ಲಾ ಬರ್ದೆ ನನ್ ಮೊಮ್ಮಗನ ಒಳಲೆ ಮ್ಯಾಗೆ?"

ನಡೆದದ್ದು ಇಷ್ಟು. ತೊಟ್ಟಿಲು ಸಿಂಗರಿಸಿ ಒಳಲೆಯನ್ನು ಮಗುವಿನ ಪಕ್ಕದಲ್ಲಿಟ್ಟಿದ್ದಾರೆ. ಸೋದರತ್ತೆ ಬಗ್ಗುವುದಕ್ಕೆ ಮುಂಚೆಯೇ ಊಟಕ್ಕೆ ಕರೆದಿದ್ದ ಊರಿನ ಮೇಷ್ಟ್ರು ತೊಟ್ಟಿಲೊಳಗೆ ಇಣುಕಿ, "ಓಹೋ, ಅನಂತ! ಭೇಷ್, ಭೇಷ್, ಅನಂತ!" ಎಂದು ಗಟ್ಟಿಯಾಗಿ ಓದಿಬಿಟ್ಟಿದ್ದಾರೆ. ಮಗುವಿನ ಕಿವಿಗೆ ಮೊದಲು ಬಿದ್ದ ಹೆಸರು ಅದೇ ಆಗಿಹೋಯಿತು. ಆಮೇಲೆ ಸೋದರತ್ತೆ ಹೇಳಿದರೇನು, ಬಿಟ್ಟರೇನು? ನೆರೆದ ಜನವೆಲ್ಲ ಒಳ್ಳೆ ಹೆಸರು ಎಂದು ಹೊಗಳಿ ಊಟ ಮುಗಿಸಿ ಹೋದರಂತೆ.

ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ನನ್ನ ಕಡೆ ಒಂದು ಸಲ ಕಣ್ಣು ಕೆಕ್ಕರಿಸಿ, ಓಬಳಮ್ಮನಿಗೆ ಕೈಮುಗಿದರು. "ಸರಿಮಾಡಿ ಕೊಡ್ತೀವಿ ತಾಯಿ. ಯಾವ ಹೆಸ್ರು ಇರ್ಬೇಕಿತ್ತು, ಹೇಳಿ."

"ಅದೇ!" ಅಂದಳು ಓಬಳಮ್ಮ.

"ಅದೇ ಅಂದ್ರೆ?"

"ಅದು! ಅದು ಕಣಯ್ಯ!"

ಬಾಯಲ್ಲಿ ಹೇಳಲು ಬಾರದೆ ಅವಳ ಕೋಪ ಇನ್ನೂ ಏರಿತು. ಮಡಿಲಿಗೆ ಕೈಹಾಕಿ ತನ್ನ ಮದುವೆಯ ಕಾಲದ ಹಿತ್ತಾಳೆ ಚೊಂಬೊಂದನ್ನು ತೆಗೆದು ನನ್ನ ಮುಂದೆ ಕುಕ್ಕಿದಳು. ಹೊಟ್ಟೆಯ ಮೇಲೆ ಹಳೆಯ ಕೈಬರಹ: ನಾಗಪ್ಪ.

ನಾ-ಗ-ಪ್ಪ. ಮೂರು ಸಲ. ನಾನು ತಲೆಯ ಮೇಲೆ ಕೈಹೊತ್ತೆ. "ಇದನ್ನ ಮೊನ್ನೇನೇ ತರಬಾರ್ದಿತ್ತೇನಮ್ಮ?"

"ನೀನ್ ಕೇಳಿದ್ಯಾ?"

ಕೇಳಿರಲಿಲ್ಲ. ಶೆಟ್ಟರು ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಳ್ಳಿ. ಕೊರೆದದ್ದನ್ನು ಅಳಿಸಲಾಗದು, ಹೊಸದು ಕೊಡಬೇಕು. ಅವರು ಗಂಟಲು ಸರಿಮಾಡಿಕೊಂಡು ಬಹಳ ಮೆತ್ತಗೆ, "ಹೊಸ ಒಳಲೆ ಕೊಡ್ತೀನಿ ಓಬಳಮ್ಮ, ಅದಕ್ಕೇನು. ನಾಗಪ್ಪ ಅಂತಲೇ ಹಾಕ್ಸಾನ. ಆದ್ರೆ ಮಗು ತೊದ್ಲೆಜ್ಜೆ ಹಾಕ್ಕೊಂಡು ಬಾವಿ ಕಡೆ ಹೋಯ್ತದೆ ಅನ್ಕೊಳ್ಳಿ. ಮನೇಲಿರೋರು ನೀವಿಬ್ರೇ. ಏನಂತ ಕೂಗ್ತೀರಿ?" ಎಂದರು.

ಓಬಳಮ್ಮ ಬಾಯಿ ತೆರೆದಳು, ಮುಚ್ಚಿದಳು. "ಅಬ್ಬಾಯಿ ಅಂತೀನಿ" ಎಂದಳು.

"ಊರ ಅಬ್ಬಾಯಿಗಳೆಲ್ಲ ತಿರುಗಿ ನೋಡ್ತಾರಲ್ಲ."

"ನನ್ ಮಗನ್ನ ಅಂಗೇ ಕರ್ದು ಸಾಕ್ಲಿಲ್ವಾ ನಾನು? ಅವ್ನಿಗೂ ನಮ್ ಮಾವನ ಹೆಸ್ರೇ ಇಟ್ಟಿದ್ದು. ಜ್ವರ ಬಂದು ಕಣ್ಣು ಮೇಲಕ್ಕೆ ಮಾಡ್ಕೊಂಡಾಗ್ಲೂ ಅಬ್ಬಾಯಿ, ಅಬ್ಬಾಯಿ ಅಂತ್ಲೇ..." ಅಂದವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಶೆಟ್ಟರು ಬೆಳ್ಳಿ ಉಳಿಸಿಕೊಳ್ಳಲು ಆಡಿದ ಮಾತು ಎಲ್ಲಿಗೋ ಹೋಗಿ ತಾಗಿತ್ತು. ಅವರೂ ಪೆಚ್ಚಾಗಿ ನಿಂತರು.

ಗಂಗಮ್ಮ ಮಗುವನ್ನು ಅವುಚಿಕೊಂಡು ಅತ್ತೆಯನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅವಳಿಗೆ ಬೇಕಾದದ್ದೇನೆಂದು ಆಗ ನನಗೆ ಅರ್ಥವಾಯಿತು. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಆ ಹುಡುಗಿಗೆ ಇರಲಿಲ್ಲ.

ಅಷ್ಟರಲ್ಲಿ ಹುಯಿಲಿಗೆ ಮಗು ಎದ್ದು ಹೋ ಎಂದು ಅಳತೊಡಗಿತು. ಗಂಗಮ್ಮ ತಟ್ಟಿದಳು, ತೂಗಿದಳು, ನಿಲ್ಲಲಿಲ್ಲ. ಓಬಳಮ್ಮ ಕಸಿದುಕೊಂಡು ಭುಜಕ್ಕೆ ಹಾಕಿಕೊಂಡು ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡಿದಳು. "ಏಡ್ವಕು ನಾಯನಾ, ಅಳಬ್ಯಾಡ್ವೋ, ಏಡ್ವಕು ಅನಂತಾ..."

ಹೆಜ್ಜೆ ನಿಂತಿತು. ತಾನೇನು ಅಂದೆ ಎಂದು ಅವಳಿಗೇ ಗಾಬರಿಯಾದಂತಿತ್ತು. ನಮ್ಮನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ಇನ್ನೊಂದು ಸಲ, ಬಿಸಿ ಹಾಲು ಕುಡಿಯುವವರ ಹಾಗೆ ಸ್ವಲ್ಪ ಸ್ವಲ್ಪವಾಗಿ, "ಅ-ನಂ-ತ" ಅಂದಳು. ಮಗು ಅಳು ನಿಲ್ಲಿಸಿ ಅವಳ ಮೂಗುಬೊಟ್ಟಿಗೆ ಕೈಹಾಕಿತು. "ಅನಂತಾ! ಬುಡೋ, ಮೂಗು ಹರ್ದಾಕ್ಬುಟ್ಟೀಯ! ಲೇ ಅನಂತಾ!" ಎಂದು ಬಜಾರಿಗೆಲ್ಲ ಕೇಳುವ ಹಾಗೆ ಕೂಗಿ ನಗತೊಡಗಿದಳು. ನಗುವೋ ಅಳುವೋ ಹೇಳಲಾರೆ, ಎರಡೂ ಇತ್ತು.

ಹೋಗುವಾಗ ಒಳಲೆಯನ್ನು ಎತ್ತಿಕೊಂಡಳು. "ಇದೇ ಇರ್ಲಿ ಬುಡು. ಆದ್ರೂ ನೀನು ಕೆಲ್ಸ ಕಲ್ತಿಲ್ಲ ಕಣಯ್ಯ" ಎಂದು ನನಗೊಂದು ಏಟು ಹಾಕಿಯೇ ಹೋದಳು. ಶೆಟ್ಟರು ನನ್ನನ್ನು ಬೈಯಲಿಲ್ಲ. ಚಹಾ ತರಿಸಿದರು. ಅವರ ಕೈಯಿಂದ ನಾನು ಕಂಡ ಮೊದಲ ಚಹಾ ಅದು.

ಆಮೇಲೆ ಏನಾಯಿತೆಂದು ಕೇಳಿ. ವಳ್ಳೂರಿನ ಸುತ್ತಮುತ್ತಲಿಂದ ಅನಂತಂದಿರು ಬರತೊಡಗಿದರು. ಅವರ ಹಿಂದೆ ರಮೇಶ, ಸುರೇಶ, ಗೀತಾ, ಆಶಾ. ಈ ಹೆಸರುಗಳು ಹಳ್ಳಿಗಳಿಗೆ ಸಿನಿಮಾದಿಂದ ಬಂದವು, ರೇಡಿಯೋದಿಂದ ಬಂದವು ಎಂದು ತಿಳಿದವರು ಹೇಳುತ್ತಾರೆ. ಬಂದಿರಬಹುದು. ಆದರೆ ಪಾತ್ರೆಯ ಜೊತೆ ಬಂದವರ ಮುಖ ನೋಡಿದವನು ನಾನು. ಸುರೇಶ ಎಂಬ ಮಾವ, ಆಶಾ ಎಂಬ ಅತ್ತೆ ಆ ಕಾಲದಲ್ಲಿ ಯಾವ ಮನೆಯಲ್ಲಿದ್ದರು ಹೇಳಿ? ಅವು ಸೊಸೆಯಂದಿರು ಧಾರಾಳವಾಗಿ ಬಾಯಿಬಿಟ್ಟು ಕರೆಯಬಹುದಾದ ಹೆಸರುಗಳು. ಪಾತ್ರೆ ಕೈಗೆ ತೆಗೆದುಕೊಂಡ ತಕ್ಷಣ ಎಷ್ಟೋ ತಾಯಂದಿರು ಅಲ್ಲೇ, ನನ್ನ ಮುಂದೆಯೇ, ತುಟಿಯಲ್ಲಿ ಒಂದು ಸಲ ಆಡಿ ನೋಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಕರೆಂಟಿನ ಮಿಷಿನ್ನು ಬಂತು. ಕಣಜದ ಹುಳುವಿನ ಹಾಗೆ ಗುಂಯ್‌ಗುಡುತ್ತಾ ಸ್ಟೀಲಿನ ಮೇಲೆ ಸರಾಗ ಓಡುತ್ತಿತ್ತು. ಕರೆಂಟು ಹೋದಾಗ ಮಾತ್ರ 'ಮಂಜು' ಎಂಬಲ್ಲಿಗೆ ನಿಂತು, ಗಿರಾಕಿ 'ನಾಥ'ನಿಗಾಗಿ ಸಂಜೆಯವರೆಗೆ ಕಾಯಬೇಕಾಗುತ್ತಿತ್ತು. ಆ ಮಿಷಿನ್ನನ್ನು ರಿಪೇರಿಗೆ ಒಯ್ಯುತ್ತಾ ಒಂದು ಮಧ್ಯಾಹ್ನ ಪಾವಗಡದಿಂದ ಹೊರಟ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ಗಂಗಮ್ಮ, ಪಕ್ಕದಲ್ಲಿ ಕಿಟಕಿಯಿಂದ ಅರ್ಧ ಹೊರಗೆ ನೇತಾಡುತ್ತಿದ್ದ ಒಬ್ಬ ಹುಡುಗ. ಕಂಡಕ್ಟರು ಬಂದ.

"ಮಡಿಕೆಗೆ ಒಂದೂವರೆ ಕೊಡಪ್ಪ" ಅಂದಳು.

"ಯಾವ ಮಡಿಕೆ?"

"ಅದೇ, ನಮ್ ತೌರೂರು ಮಡಿಕೆ."

ನಾನು ಹಿಂದಿನಿಂದ ಬಗ್ಗಿದೆ. "ಗಂಗಮ್ಮ! ನಿನ್ ತೌರು ನಾಗಲಮಡಿಕೆನಾ? ಅವತ್ತು 'ನಮ್ಮೂರ ಮಡಿಕೆಗೆ ಮುಂಚೆ ಏನ್ ಬರ್ತೈತೋ ಅದು' ಅಂದಿದ್ರೆ ನಾನು ತಪ್ಪೇ ಮಾಡ್ತಿರ್ಲಿಲ್ವಲ್ಲೇ ತಾಯಿ!"

ಅವಳು ತಿರುಗಿ ಗುರುತು ಹಿಡಿದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅದ್ಕೇ ಅನ್ಲಿಲ್ಲ ಸಾಮಿ" ಅಂದಳು. ಆಮೇಲೆ ದನಿ ತಗ್ಗಿಸಿ, "ನಾನು ನಾಕ್ನೇ ಕ್ಲಾಸು ಓದಿವ್ನಿ. ನೀವು ಬರ್ದಿದ್ದು ಅಂಗ್ಡೀಲೇ ಓದ್ಕೊಂಡೆ" ಎಂದಳು.

ಮೌನೇಶ ಎಂಬ ಹೆಸರು ನನಗೆ ಒಪ್ಪಿದ್ದು ಅದೊಂದೇ ಸಲ.

"ಯಾವ್ ಮಡಿಕೆ ಹೇಳಮ್ಮ, ಹೊತ್ತಾಯ್ತು!" ಕಂಡಕ್ಟರು ರೇಗಿದ. ಹುಡುಗ ಕಿಟಕಿಯಿಂದ ತಲೆ ಒಳಗೆಳೆದುಕೊಂಡು, "ನಾಗಲಮಡಿಕೆ ಕಣಣ್ಣೋ! ನಾಗಲಮಡಿಕೆ!" ಎಂದು ಬಸ್ಸೆಲ್ಲ ಅದುರುವ ಹಾಗೆ ಕೂಗಿದ.

"ಲೇ ಅನಂತಾ! ತಾತನ ಹೆಸ್ರು ಕಣ್ಲಾ ಅದು, ಅಂಗೆ ಕೂಗ್ತಾರೇನ್ಲಾ ಅನಂತಾ! ಒಳಿಕ್ ಕುಂತ್ಕೋ ಅನಂತಾ, ಬಿದ್ದೀಯ! ನಿನ್ ಬಾಯಿಗಿಷ್ಟು ಮಣ್ಣಾಕ ಅನಂತಾ..."

ಬಸ್ಸು ಊರು ದಾಟಿದರೂ ಅವಳು ಬೈಯುತ್ತಲೇ ಇದ್ದಳು, ಒಂದೊಂದು ಬೈಗುಳಕ್ಕೂ ಮಗನ ಹೆಸರು ಸೇರಿಸಿ.